ಮೂವತ್ತೊಂದನೆಯ ಅಪಾಯ

ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಾರ್ಖಾನೆಗೆಲ್ಲ ಅವನು ಕಿವಿಯಣ್ಣ. ಕರೆಂಟು ಕಂಬದ ನೆತ್ತಿಯಲ್ಲಿ ತಂತಿ ಹೊತ್ತು ಕೂರುವ ಬಿಳಿ ಪಿಂಗಾಣಿ ಇನ್ಸುಲೇಟರುಗಳನ್ನು ಮಾಡುವ ಕಾರ್ಖಾನೆ ಅದು. ಭಟ್ಟಿಯಲ್ಲಿ ಬೆಂದು ಬಂದ ಒಂದೊಂದನ್ನೂ ಎಡಗೈ ಬೆರಳಿಗೆ ತೂಗುಹಾಕಿ, ಮರದ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳುವುದು ಅವನ ಕೆಲಸ. ಗಟ್ಟಿ ಮಾಲು 'ಠಣ್' ಎನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ 'ದಬ್' ಎನ್ನುತ್ತದೆ. ಠಣ್ ಎಂದದ್ದಕ್ಕೆ ಕಿವಿಯ ಚಿತ್ರದ ನೀಲಿ ಸೀಲು, ದಬ್ ಎಂದದ್ದಕ್ಕೆ ತಿಪ್ಪೆ. ಮೂವತ್ತಾರು ವರ್ಷ ಇದನ್ನೇ ಮಾಡಿದ್ದ. ಕಂಬ ಹತ್ತುವ ಲೈನ್‌ಮನ್‌ಗಳು ಆ ಸೀಲು ಕಂಡರೆ ಮತ್ತೊಂದು ಮಾತಿಲ್ಲದೆ ಮಾಲು ಏರಿಸುತ್ತಿದ್ದರು.

ಆದರೆ ಕಿವಿಯಣ್ಣನಿಗೆ ಕಿವಿ ಹೋಗಿ ಎರಡು ವರ್ಷವಾಗಿತ್ತು.

ಒಂದೇ ದಿನ ಹೋದದ್ದಲ್ಲ, ಗೊತ್ತಾದದ್ದು ಒಂದು ದಿನ. ಆ ಬೆಳಗ್ಗೆ ಯಾವುದನ್ನು ತಟ್ಟಿದರೂ ದಬ್ ಎಂದಿತು. ಭಟ್ಟಿ ಕೆಟ್ಟಿದೆ ಎಂದು ಭಟ್ಟಿಯವನನ್ನು ಬೈದು, ನಲವತ್ತು ಮಾಲು ಎಸೆದು, ನಲವತ್ತೊಂದನೆಯದನ್ನು ಎತ್ತಿದಾಗ ಕೆಟ್ಟದ್ದು ಭಟ್ಟಿಯಲ್ಲ ಎಂದು ಹೊಳೆಯಿತು. ಜನರ ಮಾತು ಕೇಳುತ್ತಿತ್ತು, ಲಾರಿಯ ಹಾರ್ನು ಕೇಳುತ್ತಿತ್ತು. ಸಣ್ಣ, ಚೂಪು ದನಿಗಳಷ್ಟೇ ಇರಲಿಲ್ಲ. ಮನೆಯಲ್ಲಿ ಕರೆಗಂಟೆ ಒತ್ತಿ ಒತ್ತಿ ಹೆಂಡತಿ ಬಾಗಿಲಲ್ಲೇ ನಿಂತು ಶಾಪ ಹಾಕುತ್ತಿದ್ದುದು ಯಾಕೆಂದು ಅವತ್ತು ತಿಳಿಯಿತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕಿವಿಯಣ್ಣನಲ್ಲಿ ಉಳಿಯುವುದು ಬರೀ ಅಣ್ಣ. ಸುತ್ತಿಗೆಯಿಂದ ತಟ್ಟುವ ನಾಟಕ ಬಿಡದೆ, ಮಾಲನ್ನು ಬೆಳಕಿಗೆ ಓರೆ ಹಿಡಿದು ಕಣ್ಣಲ್ಲಿ ನೋಡಿದ, ಬೆರಳಿನ ತುದಿಯಲ್ಲಿ ನಡುಕ ಹಿಡಿದ. ಹೆಚ್ಚಿನವು ಸಿಕ್ಕುತ್ತವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎರಡು ವರ್ಷದಲ್ಲಿ ಒಂದು ಮಾಲೂ ವಾಪಸು ಬರಲಿಲ್ಲ. ಅನುಭವ ಎಂದರೆ ಹೀಗಿರಬೇಕು ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಹೀಗಿರುವಾಗ ಕಂಪನಿ ಷೇರು ಮಾರಲು ಹೊರಟಿತು.

ಯಜಮಾನರು ಎಲ್ಲರನ್ನೂ ಊಟದ ಕೋಣೆಗೆ ಕರೆದು ವಿವರಿಸಿದರು. "ನೋಡಿ, ಹೊಸ ಭಟ್ಟಿ ಬೇಕು, ಪ್ಯಾಕಿಂಗ್ ಯಂತ್ರ ಬೇಕು. ಸಾಲ ತಂದ್ರೆ ಬಡ್ಡಿ ಕುತ್ತಿಗೆಗೆ ಬರುತ್ತೆ. ಅದಕ್ಕೇ ಕಂಪನೀನ ಲಕ್ಷಾಂತರ ಸಣ್ಣ ಸಣ್ಣ ತುಂಡು ಮಾಡಿ ಜನರಿಗೆ ಮಾರೋದು. ಒಂದು ತುಂಡು ತಗೊಂಡವನೂ ಮಾಲೀಕನೇ. ಲಾಭ ಬಂದ್ರೆ ಅವನಿಗೂ ಪಾಲು, ನಷ್ಟ ಬಂದ್ರೆ ಅವನಿಗೂ ಪಾಲು."

ತುಂಡಾದ ಮಾಲು ನಮ್ಮಲ್ಲಿ ತಿಪ್ಪೆಗೆ ಹೋಗುತ್ತದೆ, ಇವರಲ್ಲಿ ಮಾರುಕಟ್ಟೆಗೆ ಹೋಗುತ್ತದೆ ಎಂದುಕೊಂಡ ಕಿವಿಯಣ್ಣ. ನಗು ಬಂತು. ಮರುವಾರ ಫೋಟೋದವರು ಬಂದು, ಸುತ್ತಿಗೆ ಎತ್ತಿ ಕಣ್ಣು ಮುಚ್ಚಿ ಕೇಳುವಂತೆ ಅವನನ್ನೇ ಕೂರಿಸಿದಾಗ ನಗು ನಿಂತಿತು. ಷೇರು ಕೊಳ್ಳುವವರಿಗೆ ಕಂಪನಿಯ ಹುಟ್ಟು, ವಹಿವಾಟು, ಸಂಕಟ ಎಲ್ಲವನ್ನೂ ತಿಳಿಸುವ ನಾನೂರು ಪುಟದ ಪುಸ್ತಕವೊಂದು ಅಚ್ಚಾಗುತ್ತದಂತೆ. ಅದರ ಮುಖಪುಟಕ್ಕೆ ಅವನೇ ಬೇಕಂತೆ. ಕೆಳಗೆ ಬರೆಯುವ ಮಾತನ್ನೂ ಓದಿ ಹೇಳಿದರು: 'ಪ್ರತಿಯೊಂದೂ ಕೇಳಿ ಒಪ್ಪಿದ್ದು.'

ಆ ರಾತ್ರಿ ಊಟಕ್ಕೆ ಭಾವಮೈದ ಬಂದಿದ್ದ. ಹೆಂಡತಿಯ ಒಬ್ಬನೇ ತಮ್ಮ, ಲೈನ್‌ಮನ್, ಕಂಬ ಹತ್ತಿಯೇ ಹೊಟ್ಟೆ ಹೊರೆಯುವವನು.

"ಭಾವ, ಉಳಿಸಿದ್ದನ್ನೆಲ್ಲ ನಿಮ್ಮ ಕಂಪನಿ ಷೇರಿಗೇ ಹಾಕ್ತೀನಿ."

"ಯಾಕೋ, ಬೇರೆ ಕಂಪನಿ ಇಲ್ವಾ?"

"ಇವೆ. ಆದ್ರೆ ಮೂವತ್ತಡಿ ಮೇಲೆ ಹೋಗಿ ತಂತಿಗೆ ಕೈ ಹಾಕ್ತೀನಲ್ಲ, ಆಗ ನಾನು ದೇವರ ಮುಖ ನೋಡಲ್ಲ, ನಿಮ್ಮ ಸೀಲ್ ನೋಡ್ತೀನಿ. ಜೀವಾನೇ ಕೊಟ್ಟಿದೀನಿ, ದುಡ್ಡು ಯಾವ ಲೆಕ್ಕ?"

ಕಿವಿಯಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬಿರುಕು ಬಿಟ್ಟ ಪಿಂಗಾಣಿ ಮೊದಮೊದಲು ಏನೂ ಮಾಡುವುದಿಲ್ಲ. ಒಂದು ಮಳೆಗೆ ಬಿರುಕಿನೊಳಗೆ ನೀರು ಇಳಿಯುತ್ತದೆ. ಆಮೇಲೆ ತಂತಿಯಲ್ಲಿರಬೇಕಾದ ಕರೆಂಟು ಕಂಬಕ್ಕೆ ಬರುತ್ತದೆ, ಕಂಬದಿಂದ ಕಂಬ ತಬ್ಬಿದವನಿಗೆ ಬರುತ್ತದೆ. ಇಷ್ಟು ದಿನ ಈ ಯೋಚನೆ ಬಂದಾಗಲೆಲ್ಲ ಮೈ ಕೊಡವಿ ಎದ್ದುಬಿಡುತ್ತಿದ್ದ. ಇವತ್ತು ಯೋಚನೆಗೆ ಒಂದು ಮುಖವಿತ್ತು, ಅದು ಎದುರಿಗೇ ಕೂತು ಉಣ್ಣುತ್ತಿತ್ತು.

ಮರುದಿನ ಮಧ್ಯಾಹ್ನ ಪ್ಯಾಕಿಂಗ್ ಅಕ್ಕನ ಮೇಜಿಗೆ ಹೋದ. ಅವನು ಸೀಲು ಒತ್ತಿದ ಮಾಲು ಹುಲ್ಲು ತುಂಬಿದ ಪೆಟ್ಟಿಗೆ ಸೇರುವುದು ಅವಳ ಕೈಯಿಂದ. ಅವನಿಗಿಂತ ಹತ್ತು ವರ್ಷ ಚಿಕ್ಕವಳಾದರೂ ಊರಿಗೆಲ್ಲ ಅಕ್ಕ.

"ಅಕ್ಕ, ನೀನು ಷೇರು ಗೀರು ತಗೋಬೇಡ" ಎಂದ. "ನನ್ನ ಕಿವಿ..."

"ಗೊತ್ತು" ಎಂದಳು ಅಕ್ಕ.

"ಏನು ಗೊತ್ತು?"

ಅವಳು ಬಗ್ಗಿ ಮೇಜಿನ ಕೆಳಗಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದಳು. ಒಳಗೆ ಹನ್ನೊಂದು ಇನ್ಸುಲೇಟರುಗಳಿದ್ದವು. ಹನ್ನೊಂದರ ಮೇಲೂ ಅವನ ನೀಲಿ ಕಿವಿ.

"ಈ ತಿಂಗಳದ್ದು ಇಷ್ಟು. ನೀವು ಬೆಳಕಿಗೆ ಹಿಡಿದು ನೋಡೋಕೆ ಶುರು ಮಾಡಿದ್ರಲ್ಲ ಅಣ್ಣ, ಅವತ್ತಿಂದ ಪೆಟ್ಟಿಗೆಗೆ ಹಾಕೋ ಮುಂಚೆ ಚಮಚದಲ್ಲಿ ನಾನೊಂದ್ ಸಲ ತಟ್ತೀನಿ. ಎರಡು ವರ್ಷ ಆಯ್ತು."

ಒಂದು ಮಾಲೂ ವಾಪಸು ಬಾರದ ಅವನ ಅನುಭವದ ಗುಟ್ಟು ಅದಾಗಿತ್ತು. ಕಿವಿಯಣ್ಣನಿಗೆ ನಾಚಿಕೆಯಾಯಿತು. ಕೃತಜ್ಞತೆಯೂ ಆಯಿತು. ಎರಡರಲ್ಲಿ ನಾಚಿಕೆಯೇ ದೊಡ್ಡದಿತ್ತು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಿದ್ರು. ಅದು ನೀವೇ ಹೇಳ್ಬೇಕಾದ ಮಾತು. ನನ್ನ ಹೆಸರು ಮಾತ್ರ ತರ್ಬೇಡಿ. ಪ್ಯಾಕಿಂಗ್ ಮಾಡೋಳು ತಟ್ಟೋದು ಯಾಕೆ ಅಂತ ಕೇಳ್ತಾರೆ." ಪೆಟ್ಟಿಗೆಯಿಂದ ಒಂದನ್ನು ಎತ್ತಿ ಅವನ ಚೀಲಕ್ಕೆ ಹಾಕಿದಳು. "ಧೈರ್ಯ ಕಮ್ಮಿ ಆದಾಗ ನೋಡ್ಕೊಳ್ಳಿ."

ಆ ವಾರ ಪುಸ್ತಕ ಬರೆಯಲು ವಕೀಲಮ್ಮ ಒಬ್ಬರು ಬಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ ಕೇಳುತ್ತಿದ್ದರು. ಕಿವಿಯಣ್ಣನ ಸರದಿ ಬಂದಾಗ ಯಜಮಾನರೂ ಅಲ್ಲೇ ಇದ್ದರು. ಅವನು ಕೂರಲಿಲ್ಲ. ನಿಂತೇ ಹೇಳಿದ.

"ಅಮ್ಮಾ, ನನಗೆ ಠಣ್ ಅನ್ನೋದು ಕೇಳಿಸಲ್ಲ. ಎರಡು ವರ್ಷದಿಂದ ಮೋಸ ಮಾಡ್ತಿದೀನಿ."

ಇನ್ನೇನು, ಸುತ್ತಿಗೆ ಕಿತ್ತುಕೊಂಡು ಗೇಟಿನಾಚೆ ದಬ್ಬುತ್ತಾರೆ ಎಂದು ಕಾದ. ಹಾಗೆ ದಬ್ಬಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಯಜಮಾನರು ವಕೀಲಮ್ಮನ ಮುಖ ನೋಡಿದರು. ವಕೀಲಮ್ಮ ಕನ್ನಡಕ ಸರಿಮಾಡಿಕೊಂಡು ಬರೆದುಕೊಂಡರು.

"ಹೇಳಿದ್ದು ಒಳ್ಳೇದಾಯ್ತು. ಇದನ್ನ ಅಪಾಯದ ಅಂಶ ಅಂತೀವಿ. ಪುಸ್ತಕದಲ್ಲಿ ಹಾಕ್ತೀವಿ. ಮುಚ್ಚಿಟ್ರೆ ತಪ್ಪು, ಹೇಳಿದ್ರೆ ತಪ್ಪಲ್ಲ. ಓದಿ ತಗೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು."

"ಹಾಗಾದ್ರೆ ನನ್ನ ಜಾಗಕ್ಕೆ ಬೇರೆಯವರು...?"

"ಷೇರಿನ ದುಡ್ಡು ಬಂದ್ಮೇಲೆ ಪರೀಕ್ಷೆ ಯಂತ್ರಾನೇ ತರ್ತೀವಲ್ಲ" ಎಂದರು ಯಜಮಾನರು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಒಂದೂವರೆ ವರ್ಷ. ಅಲ್ಲೀವರೆಗೆ ನೀವೇ ಕೂತ್ಕೊಳ್ಳಿ. ಮುಖಪುಟದಲ್ಲಿ ಇರೋರನ್ನ ಈಗ ಎಬ್ಬಿಸಿದ್ರೆ ಜನ ಏನಂದ್ಕೋತಾರೆ?"

ಪುಸ್ತಕ ಬಂತು. ಅಪಾಯದ ಅಂಶಗಳು ಒಟ್ಟು ಐವತ್ತೆಂಟು: ಬೆಂಕಿ ಬೀಳಬಹುದು, ಭೂಕಂಪ ಆಗಬಹುದು, ಸರ್ಕಾರ ತೆರಿಗೆ ಏರಿಸಬಹುದು. ಅವುಗಳ ಸಂತೆಯಲ್ಲಿ ಅವನದು ಮೂವತ್ತೊಂದನೆಯದು. 'ಸಿದ್ಧವಸ್ತುಗಳ ಅಂತಿಮ ಪರೀಕ್ಷೆಯು ಹಿರಿಯ ನೌಕರರೊಬ್ಬರ ಶ್ರವಣಶಕ್ತಿಯನ್ನು ಅವಲಂಬಿಸಿದ್ದು, ಅದು ಮುಂದೆಯೂ ಇದೇ ಮಟ್ಟದಲ್ಲಿ ಇರುವುದೆಂದು ಕಂಪನಿ ಭರವಸೆ ನೀಡಲಾರದು.'

ಕಿವಿಯಣ್ಣ ನಾಲ್ಕು ಸಲ ಓದಿದ. ಮುಂದೆಯೂ? ಹೋಗಿ ಎರಡು ವರ್ಷವಾದದ್ದು ಎಲ್ಲಿ ಹೋಯಿತು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದರು. ಸುಳ್ಳು ಎನ್ನಲು ಬರುವುದಿಲ್ಲ, ನಿಜ ಎನ್ನಲು ನಾಲಿಗೆ ಏಳುವುದಿಲ್ಲ.

ಅದೇ ವಾರ ಗಡಿಯಾರ ಹಿಡಿದ ಇಬ್ಬರು ಸಲಹೆಗಾರರು ಕಾರ್ಖಾನೆಯೊಳಗೆ ಓಡಾಡಿದರು. ಯಾವ ಮೇಜಿನಲ್ಲಿ ಕೆಲಸ ನಿಧಾನ ಎಂದು ಹುಡುಕುವುದು ಅವರ ಕೆಲಸ. ಎಲ್ಲಕ್ಕಿಂತ ನಿಧಾನ ಪ್ಯಾಕಿಂಗ್ ಅಕ್ಕನ ಮೇಜು. ಆಗದೆ ಇರುತ್ತದೆಯೇ? ಪ್ರತಿಯೊಂದನ್ನೂ ಚಮಚದಲ್ಲಿ ತಟ್ಟಿ ಕೇಳುವವಳು ಅವಳೊಬ್ಬಳೇ. ಶನಿವಾರ ಅವಳಿಗೆ ಲೆಕ್ಕ ಚುಕ್ತಾ ಮಾಡಿದರು, ಸೋಮವಾರ ಮೇಜೂ ಇರಲಿಲ್ಲ.

ಕಿವಿಯಣ್ಣ ಯಜಮಾನರ ಕೋಣೆಗೆ ಕೇಳದೆಯೇ ನುಗ್ಗಿದ. "ಅವಳನ್ನ ವಾಪಸ್ ಕರೀರಿ ಸಾರ್. ನಿಜವಾಗಿ ಕೇಳ್ತಿದ್ದೋಳು ಅವಳು. ಸೀಲಷ್ಟೇ ನಂದು."

ಯಜಮಾನರು ಎದ್ದು ಬಾಗಿಲು ಹಾಕಿದರು. ಮೊದಲ ಸಲ ಅವರ ಮುಖದಲ್ಲಿ ಭಯ ಕಂಡಿತು. "ಮೆಲ್ಲಗೆ ಮಾತಾಡಿ. ಪುಸ್ತಕ ಷೇರುಪೇಟೆಯವರ ಒಪ್ಪಿಗೆಗೆ ಹೋಗಿದೆ. ಈಗ ಇದು ಸೇರಿಸ್ಬೇಕು ಅಂದ್ರೆ ಎಲ್ಲಾ ನಿಲ್ಲಿಸಿ ಮತ್ತೆ ಮೊದಲಿಂದ. ಆರು ತಿಂಗಳು. ಅಷ್ಟು ದಿನ ಈ ಕಂಪನಿ ಉಸಿರು ಹಿಡಿಯಲ್ಲ, ಅದನ್ನ ನಿಮಗೊಬ್ಬರಿಗೇ ಹೇಳ್ತಿದೀನಿ. ಮುನ್ನೂರು ಮನೆ ಒಲೆ ಆರುತ್ತೆ ಕಿವಿಯಣ್ಣ. ನೀವು ಹೇಳೋದು ಹೇಳಿಯಾಯ್ತು, ಅಚ್ಚೂ ಆಯ್ತು. ಇನ್ನು ನಿಮ್ಮ ತಲೆ ಮೇಲೆ ಏನೂ ಇಲ್ಲ."

ಅತ್ತ ದರಿ, ಇತ್ತ ಪುಲಿ. ಮುನ್ನೂರು ಮನೆ ಎಂಬ ಮಾತು ಅವನ ಬಾಯಿಗೆ ಬೀಗ ಹಾಕಿತು. ವಾಪಸು ಬಂದು ಕೂತ. ಕಣ್ಣು ನೋಯುವಷ್ಟು ಬೆಳಕಿಗೆ ಹಿಡಿದ, ಅನುಮಾನ ಬಂದದ್ದನ್ನೆಲ್ಲ ಎಸೆದ. ಎಸೆದದ್ದು ಹೆಚ್ಚಾಯಿತೆಂದು ಮೇಲ್ವಿಚಾರಕ ಗೊಣಗಿದ. ಅನುಮಾನ ಬಾರದ್ದು ಸೀಲು ಹೊತ್ತು ನೇರ ಪೆಟ್ಟಿಗೆ ಸೇರಿತು.

ಷೇರಿಗೆ ಜನ ಮುಗಿಬಿದ್ದರು. ಇದ್ದದ್ದಕ್ಕಿಂತ ಹನ್ನೊಂದು ಪಟ್ಟು ಅರ್ಜಿ. ಮೂವತ್ತೊಂದನೆಯ ಅಂಶ ಓದಿ ಒಬ್ಬರಾದರೂ ಫೋನು ಮಾಡುತ್ತಾರೆಂದು ಕಿವಿಯಣ್ಣ ದಿನವೂ ಕಾದ. ನಾನೂರು ಪುಟ ಯಾರು ಓದುತ್ತಾರೆ? ಮುಖಪುಟ ನೋಡಿದರು, ಕಣ್ಣು ಮುಚ್ಚಿ ಕೇಳುತ್ತಿರುವ ಮುದುಕನನ್ನು ನಂಬಿದರು.

ಷೇರುಪೇಟೆಯಲ್ಲಿ ಮೊದಲ ದಿನದ ವ್ಯಾಪಾರ ಶುರುವಾಗುವಾಗ ಗಂಟೆ ಬಾರಿಸುವ ಪದ್ಧತಿಯಿದೆ. ಯಾರು ಬಾರಿಸಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಹೊಸ ಕೋಟು ತೊಡಿಸಿ ಅವನನ್ನು ವೇದಿಕೆಗೆ ಏರಿಸಿದರು. ಎದುರಿಗೆ ಕ್ಯಾಮೆರಾಗಳು, ಪಕ್ಕದಲ್ಲಿ ಯಜಮಾನರು, ನಡುವೆ ಥಳಥಳಿಸುವ ಹಿತ್ತಾಳೆ ಗಂಟೆ. ಕಿವಿಯಣ್ಣ ಸುತ್ತಿಗೆ ಎತ್ತಿ ಹೊಡೆದ. ಗಂಟೆಯ ಕಂಪನ ಕೈಗೆ ಬಂತು. ಕಿವಿಗೆ ಬಂದದ್ದು ದಬ್.

ಚಪ್ಪಾಳೆ ಶುರುವಾಯಿತು. ಯಾರೋ ಮೈಕು ಹಿಡಿದು "ಹೇಗನಿಸ್ತಿದೆ?" ಎಂದರು. ಇದಕ್ಕಿಂತ ಒಳ್ಳೆಯ ಸಮಯ ಇನ್ನು ಬರುವುದಿಲ್ಲ ಎಂದು ಅವನಿಗೆ ಅನಿಸಿತು.

"ಈ ಗಂಟೆ ಒಡೆದಿದೆಯೋ, ನನ್ನ ಕಿವಿ ಒಡೆದಿದೆಯೋ, ನನಗೇ ಗೊತ್ತಾಗ್ತಿಲ್ಲ" ಎಂದ. "ನಿಜವಾಗ್ಲೂ. ನನಗೆ ಏನೂ ಕೇಳಿಸಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಯಜಮಾನರು ಎಲ್ಲರಿಗಿಂತ ಜೋರಾಗಿ ನಕ್ಕು ಅವನ ಬೆನ್ನು ತಟ್ಟಿದರು. ಹಿಂದಿನ ಪರದೆಯಲ್ಲಿ ಷೇರಿನ ಬೆಲೆ ಏರುತ್ತಿತ್ತು.

ಸಂಜೆ ಮನೆಗೆ ಬಂದರೆ ಭಾವಮೈದ ಮೊದಲೇ ಬಂದು ಕೂತಿದ್ದ. ಕೆಲಸದ ಬೆಲ್ಟು ಇನ್ನೂ ಸೊಂಟದಲ್ಲಿತ್ತು.

"ಏನ್ ಜೋಕ್ ಹೊಡೆದ್ರಿ ಭಾವ! ನಮ್ಮ ಆಫೀಸಲ್ಲಿ ಎಲ್ಲರೂ ಬಿದ್ದೂ ಬಿದ್ದೂ ನಕ್ರು. ಕಿವಿಯಣ್ಣನಿಗೆ ಕಿವಿ ಕೇಳಿಸಲ್ವಂತೆ!"

ಕಿವಿಯಣ್ಣ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಒಳಗೆ ಹೋಗಿ ಎರಡು ಇನ್ಸುಲೇಟರುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದ. ಒಂದು, ಬಾಗಿಲು ಮುಚ್ಚಿಕೊಳ್ಳದಂತೆ ಆನಿಸಲು ಎಷ್ಟೋ ವರ್ಷದಿಂದ ಮನೆಯಲ್ಲಿದ್ದದ್ದು. ಇನ್ನೊಂದು ಅಕ್ಕ ಚೀಲಕ್ಕೆ ಹಾಕಿದ್ದು. ಬಟ್ಟೆಯ ಮರೆಯಲ್ಲೇ ಬೆರಳಿಗೆ ತೂಗುಹಾಕಿ, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ತಟ್ಟಿದ.

"ಯಾವುದು ಒಡೆದಿದೆ ಹೇಳು."

"ಎರಡನೇದು. ಇದೇನ್ ಭಾವ, ಚಿಕ್ಕ ಮಗು ಕೂಡ ಹೇಳುತ್ತೆ."

"ನನಗೆ ಎರಡೂ ಒಂದೇ ಥರ ಕೇಳಿಸ್ತು."

ಭಾವಮೈದ ಇನ್ನೂ ನಗುತ್ತಲೇ ಇದ್ದ. ಕಿವಿಯಣ್ಣ ಬಟ್ಟೆ ತೆಗೆದು ಎರಡನೆಯದನ್ನು ಅವನ ಕೈಗಿಟ್ಟ. ಅವನು ಅದನ್ನು ತಿರುಗಿಸಿದ. ನೀಲಿ ಕಿವಿ ಕಂಡಿತು. ಹೆಬ್ಬೆರಳಿನಿಂದ ಅದನ್ನು ಉಜ್ಜಿದ, ಮತ್ತೆ ಉಜ್ಜಿದ. ಆ ಶಾಯಿ ಬಿಸಿಲು ಮಳೆಗೂ ಹೋಗುವಂಥದ್ದಲ್ಲ.

ಅವನು ಮಾತಾಡಿದಾಗ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಕಿವಿಯಣ್ಣನಿಗೆ ಕೇಳಿಸಲೇ ಇಲ್ಲ. ಆದರೂ ತುಟಿ ನೋಡಿ ತಿಳಿಯಿತು.

"ಇಂಥವು ಎಷ್ಟು ಮೇಲೆ ಹೋಗಿವೆ, ಭಾವ?"