ದೃಷ್ಟಿಬೊಟ್ಟಿಗೊಂದು ಜಾಗ

ಎಲ್ಲದರಲ್ಲೂ ಮೂಗು ತೂರಿಸುವವಳು ಎಂದು ಊರಿನಲ್ಲಿ ನನಗೆ ಹೆಸರಿದೆ. ಪುಂಜಾಲಕಟ್ಟೆಯಲ್ಲಿ ಆಶಾ ಕಾರ್ಯಕರ್ತೆಯಾಗಿ ಹನ್ನೊಂದು ವರ್ಷ. ಮೂಗು ತೂರಿಸದಿದ್ದರೆ ನನಗೆ ಕೆಲಸವಾದರೂ ಏನು?

ಅಮ್ಮಣಿಯಕ್ಕನ ಮೊಮ್ಮಗಳು ಪ್ರಾಪ್ತಿಗೆ ಏಳು ತಿಂಗಳು. ಆರು ದಿನದಿಂದ ಜ್ವರ ಬಿಟ್ಟಿರಲಿಲ್ಲ. ಬೆಳ್ತಂಗಡಿಯ ಮಕ್ಕಳ ಡಾಕ್ಟರು ದೇವಿಪ್ರಸಾದರಿಗೆ ಎರಡು ಸಲ ತೋರಿಸಿದ್ದರು. ವೈರಲ್ ಇರಬಹುದೆಂದು ಅವರು ಸಿರಪ್ ಕೊಟ್ಟಿದ್ದರು.

ನಾನು ಹೋದಾಗ ಅಮ್ಮಣಿಯಕ್ಕ ಮೂರನೇ ಸಲ ಹೊರಡಲು ಮಗುವನ್ನು ಸಿಂಗರಿಸುತ್ತಿದ್ದರು. ಕಣ್ಣಿಗೆ ಕಾಡಿಗೆ, ಒಡೆದ ತುಟಿಗೆ ತುಪ್ಪ, ತುಂಬುತೋಳಿನ ಅಂಗಿ, ಕೆನ್ನೆಗೆ ದೃಷ್ಟಿಬೊಟ್ಟು. ನಮ್ಮಲ್ಲಿ ಹಾಗೆಯೇ, ಡಾಕ್ಟರ ಮುಂದೆ ಮಗು ಮದುವೆಮನೆಗೆ ಹೊರಟಂತಿರಬೇಕು. ಪ್ರಾಪ್ತಿ ಮಾತ್ರ ಮುಟ್ಟಿದರೆ ಚೀರುತ್ತಿದ್ದಳು. ಕಣ್ಣಲ್ಲಿ ಕೀವಿಲ್ಲ, ಆದರೂ ಕಾಡಿಗೆಯ ನಡುವೆ ಬಿಳಿಭಾಗ ಕೆಂಪು. ಯಾಕಿರಬಹುದು?

"ಅಂಗಿ ಒಮ್ಮೆ ತೆಗೆಯುವ ಅಕ್ಕ," ಎಂದೆ.

"ಈಗಷ್ಟೇ ಹಾಕಿದ್ದು ಮಾರಾಯ್ತಿ. ನಿನಗೆ ಎಲ್ಲ ನೋಡ್ಬೇಕು."

ಮಗುವಿನ ತಾಯಿ ಸುಪ್ರೀತಾ ಗುಂಡಿ ಬಿಚ್ಚಿದಳು. ಎಡತೋಳಿನಲ್ಲಿ, ಹುಟ್ಟಿದಾಗ ಹಾಕಿದ ಬಿಸಿಜಿ ಚುಚ್ಚುಮದ್ದಿನ ಕಲೆ ಕೆಂಪಗೆ ಉಬ್ಬಿತ್ತು. ಅದು ಒಣಗಿ ತಿಂಗಳುಗಳಾಗಿದ್ದವು, ನಾನೇ ನೋಡಿದ್ದೆ. ಸುಮ್ಮನಿದ್ದ ಕಲೆ ಈಗ ಯಾಕೆ ಎದ್ದಿತು?

"ನಾಲ್ಕು ದಿನದಿಂದ ಉಂಟು," ಎಂದರು ಅಮ್ಮಣಿಯಕ್ಕ. "ನೀನು ಕರ್ಕೊಂಡು ಹೋಗಿ ಹಾಕಿಸಿದ ಸೂಜಿಯಲ್ವಾ? ಡಾಕ್ಟ್ರು ನಿನಗೆ ಬೈದಾರು ಅಂತ ಉದ್ದ ತೋಳಿನ ಅಂಗಿ ಹಾಕಿದ್ದು."

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಬೈದರೆ ಬೈಯಲಿ ಎಂದು ಕಾಡಿಗೆ ಒರೆಸಿ, ಮಗುವನ್ನು ಟವೆಲಿನಲ್ಲಿ ಸುತ್ತಿ, ಅವರ ಜೊತೆ ಬಸ್ಸು ಹತ್ತಿದೆ.

ಡಾಕ್ಟರು ಕಲೆ ನೋಡಿದವರೇ ಎದ್ದು ನಿಂತರು. ಕಣ್ಣು, ತುಟಿ, ನಾಲಿಗೆ, ಅಂಗಾಲು, ಒಂದನ್ನೂ ಬಿಡಲಿಲ್ಲ.

"ಇದು ಸೂಜಿಯ ತಪ್ಪಲ್ಲ. ಕವಾಸಾಕಿ ಕಾಯಿಲೆ ಅಂತ ಅನುಮಾನ, ಒಣಗಿದ ಬಿಸಿಜಿ ಕಲೆ ಹೀಗೆ ಕೆಂಪಾಗುವುದು ಅದರದ್ದೊಂದು ಗುರುತು. ರಕ್ತನಾಳಗಳ ಉರಿಯೂತ. ಇಷ್ಟು ಸಣ್ಣ ಮಕ್ಕಳಲ್ಲಿ ಎಲ್ಲ ಲಕ್ಷಣ ಒಟ್ಟಿಗೆ ಕಾಣುವುದಿಲ್ಲ. ಹೃದಯದ ನಾಳ ಉಬ್ಬಿದರೆ ಕಷ್ಟ. ಜ್ವರ ಶುರುವಾಗಿ ಹತ್ತು ದಿನದೊಳಗೆ ಮದ್ದು ಹೋಗ್ಬೇಕು, ಈಗಲೇ ಮಂಗಳೂರಿಗೆ ಹೊರಡಿ." ಚೀಟಿ ಬರೆಯುತ್ತಾ ಹೇಳಿದರು, "ಕಳೆದ ಸಲವೇ ನಾನು ಅಂಗಿ ತೆಗೆಸಬೇಕಿತ್ತು."

"ಹಾಕಿದ್ದು ನಾನು," ಎಂದರು ಅಮ್ಮಣಿಯಕ್ಕ. ಆಮೇಲೆ ಮಂಗಳೂರು ಮುಟ್ಟುವ ತನಕ ಅವರು ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ.

ಅಲ್ಲಿ ಮಾಡಿದ ಎಕೋ ಸ್ಕ್ಯಾನಿನಲ್ಲಿ ಹೃದಯದ ಒಂದು ನಾಳ ಸ್ವಲ್ಪ ಉಬ್ಬಿದ್ದು ಕಂಡಿತು. ಡ್ರಿಪ್‌ನಲ್ಲಿ ಮದ್ದು ಹೋಗಿ ಎರಡನೇ ದಿನ ಜ್ವರ ಇಳಿಯಿತು. ಉಬ್ಬು ಹೋಗುತ್ತದೋ ಇಲ್ಲವೋ ತಿಳಿಯಲು ಆರು ವಾರ ಕಾಯಬೇಕಿತ್ತು. ಆ ಆರು ವಾರ ನಾನು ಯಾವ ಮನೆಗೆ ಹೋದರೂ ಮಕ್ಕಳ ಅಂಗಿ ಬಿಚ್ಚಿಸಿದೆ.

ಎರಡನೇ ಎಕೋದ ವರದಿ ಹಿಡಿದು ಬೆಳ್ತಂಗಡಿಗೆ ಬಂದಾಗ ಪ್ರಾಪ್ತಿ ಬರೀ ಟವೆಲಿನಲ್ಲಿದ್ದಳು. ಡಾಕ್ಟರು ವರದಿಯನ್ನು ಎರಡು ಸಲ ಓದಿದರು.

"ನಾಳ ಸರಿಯಾಗಿದೆ."

ಸುಪ್ರೀತಾ ಅತ್ತುಬಿಟ್ಟಳು. ಅಮ್ಮಣಿಯಕ್ಕ ಚೀಲದಿಂದ ಕಾಡಿಗೆಯ ಡಬ್ಬಿ ತೆಗೆದರು.

"ಡಾಕ್ಟ್ರೇ, ನಿಮಗೆ ನೋಡ್ಲಿಕ್ಕೆ ಇಲ್ಲದ ಜಾಗ ಒಂದು ಹೇಳಿ. ಬೊಟ್ಟು ಇಡ್ಲಿಕ್ಕೆ."

"ಮಗುವಿನಲ್ಲಿ ಅಂಥ ಜಾಗ ಇಲ್ಲ ಅಮ್ಮ," ಎಂದು ಡಾಕ್ಟರು ನಕ್ಕರು.

ಅಮ್ಮಣಿಯಕ್ಕ ಬೆರಳಿಗೆ ಕಾಡಿಗೆ ತಗೊಂಡು ಸ್ವಲ್ಪ ಯೋಚಿಸಿದರು. ಮತ್ತೆ ನನ್ನ ಕಡೆ ತಿರುಗಿ, ನನ್ನ ಕೆನ್ನೆಗೆ ಗಟ್ಟಿಯಾಗಿ ಒತ್ತಿದರು.

"ನಿನ್ನ ಕಣ್ಣಿಗೆ ಯಾರ ಕಣ್ಣೂ ತಾಗ್ಬಾರ್ದು."

ಪುಂಜಾಲಕಟ್ಟೆಯ ತನಕ ಬಸ್ಸಿನಲ್ಲಿ ಎಲ್ಲರೂ ನೋಡಿದರು. ನಾನು ಒರೆಸಲಿಲ್ಲ.