ಸರ್ವೇಯರ್ ಬರುವ ತನಕ

"ಮುಟ್ಬೇಡ! ಮುಟ್ಬೇಡ ಅಂದ್ನಲ್ಲ!"

ಬಗ್ಗಿದ್ದ ಹೆಂಡತಿ ಹಾಗೇ ನಿಂತುಬಿಟ್ಟಳು. ಅವಳ ಕೈ ಮರದ ಪೆಟ್ಟಿಗೆಯ ಮೇಲಿತ್ತು. ಹೊಲಿಗೆ ಕೋಣೆಯಲ್ಲಿ ಕಣಕಾಲಿನವರೆಗೆ ನಿಂತಿದ್ದ ನೀರು ಆಗಷ್ಟೇ ಇಳಿದಿತ್ತು. ನೆಲದ ತುಂಬ ಚಾವಣಿಯಿಂದ ಕಳಚಿ ಬಿದ್ದ ಗಾರೆಯ ಹೆಂಟೆಗಳು, ನೆಂದು ಭಾರವಾದ ಬಟ್ಟೆಯ ಥಾನುಗಳು. ಕಟ್ಟಡದ ಮೇಲಿನ ಟ್ಯಾಂಕು ಒಡೆದು, ಅದರಲ್ಲಿದ್ದ ನೀರೆಲ್ಲ ಬೇರೆ ಯಾರ ಮನೆಯೂ ಸಿಗದ ಹಾಗೆ ಇವರ ಮನೆಗೇ ಇಳಿದಿತ್ತು. ಮನೆಗೆ ವಿಮೆ ಮಾಡಿಸಿದ್ದೊಂದು ಪುಣ್ಯ.

"ಕೋಟಿನ ಪೇಪರ್ ಕಟಿಂಗ್‌ಗಳು ರೀ. ಒಂದೊಂದೇ ಬಿಡಿಸಿ ಹಗ್ಗದ ಮೇಲೆ ಹಾಕಿದ್ರೆ ಸಂಜೆ ಹೊತ್ತಿಗೆ ಒಣಗುತ್ವೆ."

"ಸರ್ವೇಯರ್ ಬಂದು ನಷ್ಟ ಎಷ್ಟು ಅಂತ ನೋಡೋ ತನಕ ಒಂದು ಕಡ್ಡಿ ಅಲ್ಲಾಡಬಾರ್ದು. ಫೋನಲ್ಲಿ ಕಂಪನಿಯವರೇ ಹೇಳಿದ್ದಾರೆ."

ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಅವನ ಹುಟ್ಟುಗುಣ. ಒಂದೇ ಒಂದು ಸಲ ಅದನ್ನು ಮೀರಿ ಕೈ ಸುಟ್ಟುಕೊಂಡಿದ್ದ. ಹೋದ ವರ್ಷ ಯಾರೋ ಅವನ ಕಾರಿನ ಬಾಗಿಲಿಗೆ ಗುದ್ದಿ ಹೋಗಿದ್ದರು. ನೆಗ್ಗಿದ ಬಾಗಿಲನ್ನು ನೋಡಲಾರದೆ ಮಾರನೇ ದಿನವೇ ಗ್ಯಾರೇಜಿಗೆ ಒಯ್ದು ಸರಿ ಮಾಡಿಸಿದ. ಆಮೇಲೆ ಕ್ಲೇಮು ಹಾಕಿದ. ಬಂದ ಸರ್ವೇಯರ್ ಫಳಫಳ ಹೊಳೆಯುವ ಬಾಗಿಲನ್ನು ಸವರಿ, "ಡ್ಯಾಮೇಜ್ ಎಲ್ಲಿದೆ ಸ್ವಾಮಿ?" ಎಂದು ಕೇಳಿ ಹೊರಟುಹೋದ. "ನಮ್ಮ ಭಾವ ಹೆಣ ಸುಟ್ಟು ಬಂದು ಡಾಕ್ಟರಿಗೆ ಫೋನ್ ಮಾಡಿದ್ರು" ಎಂದು ಬಾಮೈದ ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ನಕ್ಕ. ಆ ನಗು ಅವನಿಗೆ ಇನ್ನೂ ಅರಗಿರಲಿಲ್ಲ.

ಪೆಟ್ಟಿಗೆಯಲ್ಲಿದ್ದುದು ಖಾಕಿ ಕಾಗದದ ಅಚ್ಚುಗಳು. ಕೋಟಿನ ಬೆನ್ನು, ಕಾಲರು, ತೋಳು, ಹೀಗೆ. ಬಟ್ಟೆಯ ಮೇಲೆ ಅಚ್ಚನ್ನಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಬೇಕು. ಬಹುಪಾಲು ಅವಳ ಚಿಕ್ಕಮ್ಮ ಮಾಡಿದ್ದು. ತಾಯಿಯಿಲ್ಲದ ಹುಡುಗಿಯನ್ನು ಸಾಕಿ, ಕಸುಬು ಕಲಿಸಿ, ಆ ಹೆಂಗಸು ಸಾಯುವಾಗ ಬಿಟ್ಟುಹೋದ ಆಸ್ತಿ ಅಂದರೆ ಅಷ್ಟೇ. ಸುತ್ತಮುತ್ತ ದರ್ಜಿಗಳಿಗೇನೂ ಬರವಿರಲಿಲ್ಲ. ಆದರೂ ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯದ ಕೋಟು ಬೇಕೆನ್ನುವವರು ಇವಳ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ತೋಳಿನ ತಿರುವು ಚಿಕ್ಕಮ್ಮನದು.

ನಾಳೆ ಬರುತ್ತೇನೆಂದ ಸರ್ವೇಯರ್ ನಾಳೆ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಬೇರೆಲ್ಲೋ ಗೋದಾಮು ಸುಟ್ಟಿತ್ತಂತೆ, ಆತ ಅಲ್ಲಿ ಸಿಕ್ಕಿಕೊಂಡಿದ್ದ. ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಮುಗ್ಗಲು ವಾಸನೆ ಮೊದಲು ನಡುಮನೆಗೆ ಬಂತು, ಆಮೇಲೆ ಹಾಸಿಗೆಗೂ ಬಂತು.

"ಮೇಲಿನ ನಾಲ್ಕಾದ್ರೂ ತೆಕ್ಕೊಳ್ಲಾ? ಯಾರಿಗೆ ಗೊತ್ತಾಗುತ್ತೆ?"

"ಅವರ ಕಣ್ಣೇ ಬೇರೆ ಕಣೇ, ಗೊತ್ತಾಗೇ ಆಗುತ್ತೆ. ಮಿಷನ್ನು, ಬೀರು, ಚಾವಣಿ, ಎಲ್ಲದರ ಕ್ಲೇಮೂ ಹೋಗುತ್ತೆ ನಿನ್ನ ನಾಲ್ಕು ಕಾಗದಕ್ಕೆ. ಇದೊಂದ್ಸಲ ನನ್ನ ಮಾತು ಕೇಳು."

ಅವಳು ಕೇಳಿದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ನಿಲ್ಲುವ ಹಾಗೆ ಆ ಬಾಗಿಲ ಮುಂದೆ ಆಗಾಗ ಬಂದು ನಿಂತು, ಮತ್ತೆ ಹೋಗುತ್ತಿದ್ದಳು. ಅವನು ಕಂಡೂ ಕಾಣದವನಂತೆ ಇದ್ದ.

ಕೊನೆಗೂ ಶುಕ್ರವಾರ ಸರ್ವೇಯರ್ ಬಂದ. ನಿದ್ದೆಗೆಟ್ಟ ಮುಖ, ಬೂಟಿನ ಮೇಲೆ ಮಸಿ. ಚಾವಣಿಯನ್ನು ಕುಟ್ಟಿ ನೋಡಿದ, ಹೊಲಿಗೆ ಮಿಷನ್ನಿನ ಚಕ್ರ ತಿರುಗಿಸಿ ನೋಡಿದ, ಉಬ್ಬಿದ ಬೀರುವಿನ ಫೋಟೋ ತೆಗೆದ.

"ಹೇಗಿತ್ತೋ ಹಾಗೇ ಇದೆ ಸರ್. ಏನೂ ಮುಟ್ಟಿಲ್ಲ" ಎಂದ ಇವನು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ದನಿಯಿತ್ತು.

"ಒಳ್ಳೇದಾಯ್ತು. ಎಲ್ಲಾ ಸ್ಪಷ್ಟವಾಗಿ ಕಾಣ್ತಾ ಇದೆ. ಕ್ಲೇಮಿಗೇನೂ ತೊಂದ್ರೆ ಆಗಲ್ಲ ಬಿಡಿ." ಸರ್ವೇಯರ್ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಕಾಗದವೆಲ್ಲ ಕಲಸಿಹೋಗಿ ಒಂದೇ ಮುದ್ದೆಯಾಗಿತ್ತು. ಮೇಲೆಲ್ಲ ಹಸಿರು ಬೂಷ್ಟು. "ಇದೇನಮ್ಮಾ?"

ಅವಳು ಹೇಳಿದಳು.

"ಅಯ್ಯೋ, ಇದನ್ಯಾಕೆ ಹೀಗೆ ಬಿಟ್ರಿ? ಇಂಥದ್ದಕ್ಕೆಲ್ಲ ಕ್ಲೇಮ್ ಬರಲ್ಲ. ಒಂದು ಫೋಟೋ ತೆಗೆದಿಟ್ಟು ಎತ್ತಿ ಒಣಗಿಸ್ಕೋಬಹುದಿತ್ತು."

"ಏನೂ ಮುಟ್ಬೇಡಿ ಅಂತ ಫೋನಲ್ಲಿ..." ಎಂದ ಇವನು.

"ರಿಪೇರಿ ಮಾಡಿಸ್ಬೇಡಿ, ಬಿಸಾಡ್ಬೇಡಿ ಅಂತ ಸ್ವಾಮಿ ಅದು. ಉಳಿಯೋದನ್ನ ಉಳಿಸ್ಕೋಬೇಡಿ ಅಂತ ಯಾವ ಕಂಪನಿ ಹೇಳುತ್ತೆ? ಉಳಿಸ್ಕೊಳ್ಳಿ ಅಂತ ಪಾಲಿಸಿಯಲ್ಲೇ ಇದೆ." ಹೇಳಿದ ಮೇಲೆ ಅವಳ ಮುಖ ನೋಡಿ ಆತ ತಣ್ಣಗಾದ. ಮಿಕ್ಕ ಕೆಲಸ ಬೇಗ ಮುಗಿಸಿ, ಸಹಿ ಹಾಕಿಸಿಕೊಂಡು ಹೊರಟ.

ಅವನಿಗೆ ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಒಂದು ಅಚ್ಚಾದರೂ ಬಿಡಿಸೋಣವೆಂದು ಮುದ್ದೆಯ ಅಂಚಿಗೆ ಉಗುರು ಹಾಕಿದ. ಕಾಗದ ಬೆರಳಿಗೆ ಮೆತ್ತಿಕೊಂಡಿತೇ ಹೊರತು ಬಿಡಿಸಿಕೊಳ್ಳಲಿಲ್ಲ. ಅವನಿಗೆ ಅಳು ಬಂತು. ಬಾಮೈದ ನಗುತ್ತಾನೆಂಬ ಒಂದೇ ಹೆದರಿಕೆಗೆ ತಾನು ಏನು ಮಾಡಿಬಿಟ್ಟೆ ಎನ್ನುವುದು ಈಗ ಪೂರ್ತಿ ತಿಳಿಯಿತು.

"ಬೈದಾದ್ರೂ ಬಿಡೇ" ಎಂದ.

"ಬೈದ್ರೆ ಏನು ಬರುತ್ತೆ?"

ಅವಳು ನಡುಮನೆಗೆ ಹೋಗಿ, ಗೋಡೆಯ ಮೇಲಿದ್ದ ದೊಡ್ಡ ಕ್ಯಾಲೆಂಡರನ್ನು ಇಳಿಸಿ, ಒಂದು ಹಾಳೆ ಹರಿದು ನೆಲದ ಮೇಲೆ ಬೋರಲು ಹಾಸಿದಳು. ಹಾಳೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅವನು ಎದುರಿಗೆ ಮಂಡಿಯೂರಿ ಎರಡು ಮೂಲೆಗಳನ್ನೂ ಒತ್ತಿ ಹಿಡಿದ. ಬೇಡವೆಂದು ಅವಳು ಹೇಳಲಿಲ್ಲ.

ಅವಳು ಚಿಕ್ಕಮ್ಮನ ತೋಳಿನ ಅಚ್ಚನ್ನು ನೆನಪಿನಿಂದಲೇ ಬರೆಯತೊಡಗಿದಳು. ಪೆನ್ಸಿಲು ಭುಜದ ಹತ್ತಿರ ನೆಟ್ಟಗೆ ಹೊರಟಿತು. ಕಂಕುಳಿನ ತಿರುವಿಗೆ ಬಂದಾಗ ನಿಧಾನವಾಯಿತು. ಅವಳು ಕಣ್ಣು ಮುಚ್ಚಿ ಬರೀ ಗಾಳಿಯಲ್ಲಿ ಒಂದು ಸಲ ಬಾಗಿಸಿ ನೋಡಿದಳು. ಮತ್ತೆ ಕಾಗದದ ಮೇಲಿಟ್ಟಳು.

"ಇಷ್ಟೇ ಬಾಗ್ತಿತ್ತಾ?" ಎಂದು ಕೇಳಿದಳು. ಕೇಳಿದ್ದು ಅವನನ್ನಲ್ಲ.

ಪೆನ್ಸಿಲಿನ ಮೊನೆ ಅಲ್ಲೇ ನಿಂತಿತ್ತು. ಅವನು ಬೂಷ್ಟು ಮೆತ್ತಿದ ಬೆರಳುಗಳಿಂದ ಆ ಹಾಳೆಯನ್ನು ಒತ್ತಿಕೊಂಡೇ ಕೂತಿದ್ದ.