ಒರೆಸಿದ ಎಲೆಗಳು

"ಕೆಳಗಿನ ಸಾಲು ಬಿಡ್ಬೇಡಿ. ಅವರ ಜೊತೆ ಮಗು ಬರತ್ತಂತೆ, ಮಗುವಿನ ಕಣ್ಣು ಕೆಳಗೇ ಇರೋದು," ಎಂದು ಹೇಳಿ ಅಂಗಡಿಯಾಕೆ ಒಂದು ಬಕೆಟ್ ನೀರನ್ನೂ ಎರಡು ಹಳೆಯ ಬಟ್ಟೆಗಳನ್ನೂ ಮೆಟ್ಟಿಲ ಮೇಲಿಟ್ಟಳು. ಎರಡು ವರ್ಷಗಳಲ್ಲಿ ಅವಳು ಈ ಮನೆಯ ಬಾಗಿಲಿಗೆ ಬಂದು ಆಡಿದ ಮೊದಲ ಮಾತು ಅದು.

ಬಾಗಿಲಲ್ಲಿ ನಿಂತಿದ್ದಾಕೆಗೆ ಅರವತ್ತೆರಡು ವಯಸ್ಸು. ಮೂವತ್ತು ವರ್ಷ ನಗರದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವಳು. ಅಲ್ಪವಿರಾಮವೊಂದು ಕಣ್ತಪ್ಪಿ ಅಚ್ಚಾದರೆ ವಾರವಿಡೀ ಊಟ ರುಚಿಸದ ಸ್ವಭಾವ. ದುಡಿದದ್ದನ್ನೆಲ್ಲ ಸುರಿದು ಆಕೆ ಈ ಮನೆಯನ್ನು ಕೊಂಡು ನಾಲ್ಕು ವರ್ಷ ಕಳೆದಿತ್ತು. ಊರಿನವರ ಬಾಯಲ್ಲಿ ಮಾತ್ರ ಆಕೆ ಇನ್ನೂ 'ಹೊಸಬರು'. ಗೌರವಕ್ಕೆ ಕೊರತೆಯಿಲ್ಲದ, ಹತ್ತಿರಕ್ಕೂ ಸೇರಿಸದ ಹೆಸರು.

"ನಾಳೆ ದರ್ಜಿಯಣ್ಣನ ಮನೆ ನೋಡೋಕೆ ಬರ್ತಾರೆ. ಅವನ ಕಡೆ ಬೇಲಿ ಎಲೆ ನಾವು ನಾಲ್ಕು ಜನ ಸೇರಿ ಒರೆಸಿ ಮುಗಿಸ್ತೀವಿ. ಈ ಕಡೇದು ನಿಮ್ಮದು."

"ಇದೆಲ್ಲ ನನ್ನ ಕೈಲಾಗೋದಿಲ್ಲ ಅಂತ ಅವತ್ತೇ ಹೇಳಿದ್ದೆ."

"ಹೇಳಿದ್ರಿ, ಹೇಳಿದ್ರಿ. ಊರೆಲ್ಲ ಕೇಳಿಸ್ಕೊಂಡಿದೆ." ಅಂಗಡಿಯಾಕೆ ಸೊಂಟಕ್ಕೆ ಕೈಯಿಟ್ಟಳು. "ನಿಮ್ಮ ಸತ್ಯ ನೀವೇ ಬೀರುವಿನಲ್ಲಿ ಇಟ್ಕೊಳ್ಳಿ, ಯಾರೂ ಕದಿಯಲ್ಲ. ಡಾಕ್ಟ್ರು ಅವನಿಗೆ ಏನಂದ್ರು ಗೊತ್ತು ತಾನೆ? ಇನ್ನೊಂದು ಸಲ ಗೂಡು ಹೊತ್ತಿದ್ರೆ ಆ ಎದೆ ತಡೆಯಲ್ವಂತೆ. ಹೊತ್ತೋಕೆ ಇನ್ನು ಹನ್ನೆರಡೇ ದಿನ. ನೀವು ಓದಿದೋರು, ಯೋಚನೆ ಮಾಡಿ."

ಅವಳು ಹೊರಟುಹೋದಳು. ಬಕೆಟ್ಟು ಮೆಟ್ಟಿಲ ಮೇಲೆಯೇ ಉಳಿಯಿತು.

ಗುಡ್ಡದ ಆಚೆ ಮಗ್ಗುಲಲ್ಲಿ, ರಸ್ತೆಯಿಂದ ಕಾಣದಂತೆ, ಸುಣ್ಣದ ಕಲ್ಲು ಸುಡುವ ಗೂಡಿತ್ತು. ಊರಿನ ಅರ್ಧಕ್ಕರ್ಧ ಜನ ಅದರ ಕೂಲಿಯಿಂದಲೇ ಬದುಕುತ್ತಿದ್ದರು. ಅಂಗಡಿಯಾಕೆಯ ಗಂಡ ಅಲ್ಲಿ ಬೆಂಕಿ ನೋಡಿಕೊಳ್ಳುವವನು. ಗೂಡು ಉರಿಯುವಾಗ ಬಿಳಿಯ ಪುಡಿ ಗುಡ್ಡವನ್ನು ಇಳಿದು ಬಂದು ಛಾವಣಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಕುಡಿಯುವ ನೀರಿನ ಮೇಲೆ ಕೂರುತ್ತಿತ್ತು. ವರ್ಷಕ್ಕೊಮ್ಮೆ ಒಳಗೋಡೆಯ ರಿಪೇರಿಗೆಂದು ಅದನ್ನು ಮೂರು ವಾರ ಆರಿಸುವರು. ಆ ಊರಿನಲ್ಲಿ ಮನೆಗಳು ಮಾರಾಟವಾಗುತ್ತಿದ್ದುದು ಆ ಮೂರು ವಾರಗಳಲ್ಲಿ ಮಾತ್ರ.

ಆಕೆ ಈ ಮನೆಯನ್ನು ನೋಡಲು ಬಂದದ್ದೂ ಅಂಥದೇ ಒಂದು ಬೆಳಿಗ್ಗೆ. ಆಕಾಶದಲ್ಲಿ ಮೋಡವಿರಲಿಲ್ಲ, ಆದರೂ ಬೇಲಿಯ ದಪ್ಪ ಎಲೆಗಳು ತೊಯ್ದು ಫಳಫಳ ಹೊಳೆಯುತ್ತಿದ್ದವು. ಎಷ್ಟು ಇಬ್ಬನಿ ಬೀಳುವ ಊರು ಎಂದು ಮೆಚ್ಚಿಕೊಂಡು ಕಾಗದಪತ್ರಕ್ಕೆ ಸಹಿ ಹಾಕಿದ್ದಳು. ಪ್ರತಿಯೊಂದು ಪುಟದ ಕಾಗುಣಿತವನ್ನೂ ಪರೀಕ್ಷಿಸಿ ಸಹಿ ಹಾಕಿದ್ದಳು.

ಎರಡು ವರ್ಷದ ಹಿಂದೆ ರಸ್ತೆಯ ತುದಿಯ ಮನೆಯನ್ನು ನೋಡಲು ಬಂದಿದ್ದ ಗಂಡಹೆಂಡಿರಿಗೆ ಆಕೆ ಗೂಡಿನ ವಿಷಯ ತಿಳಿಸಿಬಿಟ್ಟಳು. ಅವರು ಕಾರಿನಿಂದ ಇಳಿಯದೆಯೇ ಹಿಂದಿರುಗಿದರು. ಅಂದಿನಿಂದ ಊರು ಆಕೆಯ ಪಾಲಿಗೆ ಬಾಯಿ ಮುಚ್ಚಿಕೊಂಡಿತು. ಅಂಗಡಿಯಲ್ಲಿ ಕೇಳಿದ ಸಾಮಾನು ಸಿಗುತ್ತಿತ್ತು, ಜೊತೆಗೆ ಒಂದು ಶಬ್ದವೂ ಸಿಗುತ್ತಿರಲಿಲ್ಲ. ದೀಪ ಕೆಟ್ಟಾಗ ಲೈನ್‌ಮನ್ ಇಪ್ಪತ್ತು ದಿನ ಬರಲಿಲ್ಲ. ಆಕೆ ಜಾರಿಬಿದ್ದು ಮಂಡಿ ಊದಿಸಿಕೊಂಡಾಗ ಎದುರುಮನೆಯವರು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡರು.

ಮಾತು ಬಿಡದೆ ಉಳಿದವನು ಪಕ್ಕದ ಮನೆಯ ದರ್ಜಿಯೊಬ್ಬನೇ. ಸಂಜೆ ಬೇಲಿಯ ಹತ್ತಿರ ಬಂದು, "ಏನ್ ಮೇಡಂ, ಇವತ್ತು ನಮ್ಮೂರಲ್ಲಿ ಎಷ್ಟು ತಪ್ಪು ಸಿಕ್ತು?" ಎನ್ನುವನು. "ನಿಮ್ಮ ಅಂಗಿಯ ಗುಂಡಿಯೇ ಮೊದಲ ತಪ್ಪು," ಎಂದು ಆಕೆ ಉತ್ತರಿಸುವಳು. ಅವನು ನಗುವನು, ನಗು ಕೆಮ್ಮಾಗುವುದು, ಕೆಮ್ಮು ನಿಲ್ಲುವವರೆಗೆ ಇಬ್ಬರೂ ಬೇರೆ ಕಡೆ ನೋಡುತ್ತ ನಿಲ್ಲುವರು. ಆಕೆಯ ಕಿಟಕಿಗಳಿಗೆಲ್ಲ ಎರಡು ಪದರದ ದಪ್ಪ ಪರದೆ ಹೊಲಿದುಕೊಟ್ಟವನು ಅವನೇ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಎಲ್ಲೋ ಸಮುದ್ರದ ಬದಿಯಲ್ಲಿ ತಂಗಿಯ ಮನೆಯಿತ್ತು. ಮನೆ ಮಾರಿದರೆ ಅಲ್ಲಿಗೆ.

ಆ ಸಂಜೆಯೂ ಅವನು ಬೇಲಿಯ ಹತ್ತಿರ ಬಂದ. ವಾರದ ಹಿಂದಷ್ಟೇ ಅವನ ಗೋಡೆಗಳಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಆಕೆಯ ಕೈಯಲ್ಲಿ ಒಣಬಟ್ಟೆಯಿತ್ತು.

"ಬಿಡಿ ಮೇಡಂ. ನಿಮ್ಮ ಕೈಲಿ ಈ ಕೆಲಸ ಬೇಡ. ನಾಳೆ ನೀವು ಬಾಗಿಲು ಹಾಕ್ಕೊಂಡು ಒಳಗಿದ್ಬಿಡಿ, ಅಷ್ಟೇ ಸಾಕು ನನಗೆ."

"ಮಗು ಇದೆಯಂತಲ್ಲ."

ಅವನು ಉತ್ತರ ಕೊಡಲು ಬಾಯಿ ತೆರೆದ, ಕೆಮ್ಮು ಬಂತು. ಬೇಲಿಯನ್ನು ಹಿಡಿದು ಬಾಗಿದ. ಕಿಸೆಯಿಂದ ತೆಗೆದ ಡಬ್ಬಿಗೆ ಉಗಿದು, ಅದರೊಳಗೆ ಒಮ್ಮೆ ನೋಡಿ, ಮುಚ್ಚಳ ಹಾಕಿದ. ನೋಡಬಾರದೆಂದುಕೊಂಡರೂ ಆಕೆ ನೋಡಿದಳು.

"ಇದೆ ಮೇಡಂ," ಎಂದ. "ಐದು ವರ್ಷದ್ದಂತೆ."

ಅವನು ಒಳಗೆ ಹೋದ ಮೇಲೆ ಆಕೆ ಬಟ್ಟೆಯನ್ನು ನೀರಿನಲ್ಲಿ ಅದ್ದಿದಳು. ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಕರಡು ತಿದ್ದುವ ಕ್ರಮದಲ್ಲಿಯೇ ಒಂದೊಂದು ಎಲೆಯನ್ನೂ ಎರಡು ಬೆರಳ ನಡುವೆ ಹಿಡಿದು ಒರೆಸುತ್ತ ಹೋದಳು. ಬಕೆಟ್ಟಿನ ನೀರು ಹಾಲಿನಂತಾಯಿತು. ಬೇಲಿಯ ಆಚೆ ನಾಲ್ವರು ಹೆಂಗಸರು ಯಾರದೋ ಸೊಸೆಯ ಅಡುಗೆಯನ್ನು ಆಡಿಕೊಂಡು ನಗುತ್ತ ಅದೇ ಕೆಲಸ ಮಾಡುತ್ತಿದ್ದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಆಕೆಯ ಮಂಡಿ ಬಾಗಲೊಲ್ಲದಾಯಿತು. ನಾಲ್ಕಾರು ಗೇಣು ಬೇಲಿ ಒರೆಸದೆಯೇ ಉಳಿಯಿತು. ಮಂಡಿಯ ನೋವಿಗೇ ಬಿಟ್ಟಳೋ, ಬೇಕೆಂದೇ ಬಿಟ್ಟಳೋ, ಆಕೆಗೇ ಸ್ಪಷ್ಟವಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಅವರು ಬಂದರು: ಕನ್ನಡಕದ ಯುವಕ, ಅವನ ಹೆಂಡತಿ, ಕೆಂಪು ಬೂಟಿನ ಹುಡುಗಿ. ಹುಡುಗಿ ಉಸಿರೆಳೆದಾಗ ಎದೆಯಲ್ಲಿ ಸಣ್ಣ ಸಿಳ್ಳೆಯ ಸದ್ದಾಗುತ್ತಿತ್ತು. ತಾಯಿಯ ಭುಜದ ಚೀಲದಿಂದ ಉಸಿರಿನ ಪಂಪಿನ ನೀಲಿ ತುದಿ ಇಣುಕುತ್ತಿತ್ತು. ದರ್ಜಿ ಇಸ್ತ್ರಿ ಮಾಡಿದ ಕೋಟು ತೊಟ್ಟು ಕೋಣೆಗಳನ್ನು ತೋರಿಸಿದ. ಅಂಗಡಿಯಾಕೆ ಯಾರೂ ಕರೆಯದೆಯೇ ಬಂದು ಹುಡುಗಿಗೆ ಬಿಸ್ಕತ್ತು ಕೊಟ್ಟಳು. "ನಮ್ಮೂರಲ್ಲಿ ಏನು ಸದ್ದು, ಏನು ಗಲಾಟೆ? ಕೋಳಿನೂ ಕೇಳ್ಕೊಂಡೇ ಕೂಗತ್ತೆ," ಎಂದು ಯುವಕನನ್ನು ನಗಿಸಿದಳು.

ಆಕೆ ಬಾಗಿಲು ಹಾಕಿಕೊಂಡು ಒಳಗಿರಲಿಲ್ಲ. ಅಂಗಳದಲ್ಲಿ ನಿಂತಿದ್ದಳು. ತಾಯಿ ಮಗಳ ಕೈಹಿಡಿದು ಬೇಲಿಯ ಬಳಿಗೆ ಬಂದು ದನಿ ತಗ್ಗಿಸಿದಳು.

"ಆಂಟಿ, ನೀವೂ ನಗರದಿಂದ ಬಂದೋರಂತೆ. ಇವರೆಲ್ಲ ಊರಿನವರು, ಚೆನ್ನಾಗೇ ಹೇಳ್ತಾರೆ. ನೀವು ನಮ್ಮ ಹಾಗೆ. ಅದಕ್ಕೇ ಕೇಳ್ತಿದೀನಿ. ಧೂಳು, ಹೊಗೆ, ಅಂಥದ್ದೇನಾದ್ರೂ ಇದ್ಯಾ? ಇವಳಿಗೋಸ್ಕರನೇ ನಗರ ಬಿಡ್ತಿರೋದು. ಹೋದ ತಿಂಗಳು ಎರಡು ಸಲ ಆಸ್ಪತ್ರೆಗೆ ಸೇರಿಸಿದ್ವಿ."

ಅವಳ ಭುಜದ ಆಚೆ ದರ್ಜಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. ಕೆಮ್ಮನ್ನು ತಡೆದು ತಡೆದು ಅವನ ಮುಖ ಕಪ್ಪಿಟ್ಟಿತ್ತು. ಅವನು ನೆಲವನ್ನು ನೋಡುತ್ತಿದ್ದ. ಅಂಗಡಿಯಾಕೆ ಮಾತ್ರ ನೇರವಾಗಿ ಆಕೆಯ ಬಾಯನ್ನೇ ನೋಡುತ್ತಿದ್ದಳು.

"ನಾನು ಬಂದು ನಾಲ್ಕು ವರ್ಷ ಆಯ್ತಮ್ಮ," ಎಂದಳು ಆಕೆ. "ಇಲ್ಲೇ ಇದ್ದೀನಲ್ಲ."

ಮನಸ್ಸಿನಲ್ಲಿ ಆ ವಾಕ್ಯವನ್ನು ಇನ್ನೊಮ್ಮೆ ಓದಿದಳು. ಅದರಲ್ಲಿ ತಪ್ಪಿರಲಿಲ್ಲ.

ತಾಯಿಯ ಮುಖ ಸಡಿಲವಾಯಿತು. "ಅಬ್ಬಾ, ಈಗ ಸಮಾಧಾನ ಆಯ್ತು," ಎನ್ನುತ್ತಿರುವಾಗಲೇ ಕೆಳಗಿನಿಂದ ಹುಡುಗಿ ಕೂಗಿದಳು:

"ಅಮ್ಮಾ, ಇಲ್ಲಿ ನೋಡು, ಹಿಟ್ಟು!"

ಒರೆಸದೆ ಉಳಿದ ಎಲೆಯ ಮೇಲೆ ಗೆರೆಯೊಂದು ಮೂಡಿತ್ತು. ಹುಡುಗಿಯ ತೋರುಬೆರಳ ತುದಿ ಬೆಳ್ಳಗಾಗಿತ್ತು.

ತಾಯಿ ಬಗ್ಗಿದಳು. ಅಷ್ಟರೊಳಗೆ, ನಿನ್ನೆ ಬಾಗಲೊಲ್ಲದ ಮಂಡಿಗಳು ಬಾಗಿದವು. ಆಕೆ ಬೇಲಿಯ ಸಂದಿನಿಂದ ಕೈ ಚಾಚಿ ಆ ಪುಟ್ಟ ಬೆರಳನ್ನು ಹಿಡಿದು, ತನ್ನ ಕರವಸ್ತ್ರದಿಂದ ಉಗುರಿನ ಸಂದಿಯವರೆಗೂ ಒರೆಸಿದಳು.

"ಹಿಟ್ಟಲ್ಲ ಪುಟ್ಟಿ, ಸುಣ್ಣ. ಗೋಡೆಗೆ ಹೊಸದಾಗಿ ಬಳಿದಿದಾರೆ ನೋಡು, ಅದು ಸಿಡಿದಿರೋದು. ನಿನಗೋಸ್ಕರಾನೇ ಬಳಿದಿರೋದು."

ಕೊನೆಯ ಮಾತನ್ನು ಸೇರಿಸು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಒಂಬತ್ತನೆಯ ದಿನ ದರ್ಜಿಯ ಹೊಲಿಗೆಯಂತ್ರವೂ ಎರಡು ಟ್ರಂಕುಗಳೂ ಲಾರಿ ಏರಿದವು. ಆಕೆ ಬೇಲಿಯ ಹತ್ತಿರ ಕಾದು ನಿಂತಿದ್ದಳು, ಅಂಗಿಯ ಗುಂಡಿಯ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು. ಅವನು ಡ್ರೈವರನ ಪಕ್ಕ ಕುಳಿತು ಗಾಜನ್ನು ಏರಿಸಿದ. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಇತ್ತ ತಿರುಗಲಿಲ್ಲ.

ಹನ್ನೆರಡನೆಯ ದಿನ ಗೂಡು ಹೊತ್ತಿತು.

ಅದಾಗಿ ಮೂರನೆಯ ವಾರ ಆಕೆ ಅಂಗಡಿಗೆ ಹೋದಾಗ ಮಾತು ನಿಲ್ಲಲಿಲ್ಲ. ಅಂಗಡಿಯಾಕೆ ಒಂದು ಸ್ಟೂಲನ್ನು ಎಳೆದು, ಅದರ ಮೇಲಿನ ಬಿಳಿಯ ಪುಡಿಯನ್ನು ಅಂಗೈಯಿಂದ ಸವರಿದಳು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಮಂಡಿ ಹೇಗಿದೆ? ಲೈನ್‌ಮನ್ ಬಂದಿದ್ನಾ? ನಾನೇ ಕಳಿಸಿದ್ದು, ನಮ್ಮಕ್ಕನ ಮನೆಗೆ ಮೊದಲು ಹೋಗೋ ಅಂತ."

ನಾಲ್ಕು ವರ್ಷ ಕಾದಿದ್ದ ಶಬ್ದ. ಆಕೆ ಕುಳಿತಳು. ಯಾರೋ ಬಿಸಿ ಚಹಾ ತಂದುಕೊಟ್ಟರು.

"ಹೊಸಬರು ಬಂದಿದ್ರು ಅಕ್ಕ," ಎಂದಳು ಅಂಗಡಿಯಾಕೆ, ಕಣ್ಣು ಅರಳಿಸಿ. "ಕಿಟಕಿಗೆ ದಪ್ಪ ಪರದೆ ಹೊಲಿಸ್ಬೇಕಂತೆ, ಊರಲ್ಲಿ ಒಳ್ಳೆ ದರ್ಜಿ ಯಾರಿದಾರೆ ಅಂತ ನನ್ನ ಕೇಳ್ತಾಳೆ! ಇದ್ದ ಒಬ್ಬ ದರ್ಜಿನ ನೀವೇ ಓಡಿಸಿದ್ರಲ್ಲಮ್ಮ ಅಂದೆ."

ಹೆಂಗಸರು ಗೊಳ್ಳೆಂದರು. ಆಕೆಗೂ ನಗು ಬಂತು. ಚಹಾ ಚೆಲ್ಲದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು.

ಮನೆಗೆ ಬಂದಾಗ ಮಧ್ಯಾಹ್ನ. ಪಕ್ಕದ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದಕ್ಕೆ ಹಾಸಿಗೆಯ ಹೊದಿಕೆಯನ್ನೇ ಪರದೆಯಂತೆ ಕಟ್ಟಿದ್ದರು. ಹುಡುಗಿ ಒಬ್ಬಳೇ ಬೇಲಿಯ ಆಚೆ ನಿಂತಿದ್ದಳು. ಕೆಂಪು ಬೂಟುಗಳ ಬಣ್ಣ ತಿಳಿಯುತ್ತಿರಲಿಲ್ಲ. ಆಕೆಯನ್ನು ಕಂಡು ಏನೋ ಹೇಳಹೋದಳು; ಹೇಳಲು ಉಸಿರು ಸಾಲದೆ ಸುಮ್ಮನಾದಳು. ಆಮೇಲೆ, ಮೊದಲ ದಿನದ ಆಟವನ್ನು ನೆನಪಿಟ್ಟುಕೊಂಡವಳಂತೆ, ಬೇಲಿಯ ಸಂದಿನಿಂದ ಎರಡೂ ಕೈಗಳನ್ನು ಚಾಚಿ, ಬಿಳಿಯ ಹತ್ತು ಬೆರಳುಗಳನ್ನು ಅಗಲಿಸಿ ಹಿಡಿದಳು.

ಆಕೆ ಸುತ್ತ ಒಮ್ಮೆ ನೋಡಿದಳು. ಕರವಸ್ತ್ರವನ್ನು ಹೊರತೆಗೆದು, ಎಡಗೈಯ ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಒರೆಸತೊಡಗಿದಳು.